ನೂರು ರೂಪಾಯಿಯ ಹೊಳೆ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನ ಹತ್ತಿರ ಇನ್ಫೋಸಿಸ್‌ನ ಒಂದಿಷ್ಟು ಶೇರು ಇವೆ. ವಾರ್ಷಿಕ ವರದಿ ತೆಗೆದರೆ ನೂರಾರು ಪುಟ, ಬರೀ ಅಂಕಿ. ಮೊನ್ನೆ ಮಗಳು ಬಣ್ಣಬಣ್ಣದ ಹೊಳೆಯಂಥ ಒಂದು ಚಿತ್ರ ವಾಟ್ಸಾಪ್‌ನಲ್ಲಿ ಕಳಿಸಿ, "ಅಪ್ಪಾ, ಲೆಕ್ಕ ಎಲ್ಲಾ ಇದರಲ್ಲೇ ಇದೆ" ಎಂದಳು. ಇದನ್ನು ಓದುವುದು ಹೇಗೆ? ನಂಬಬಹುದಾ?
– ಓದುಗರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಅದಕ್ಕೆ ಸ್ಯಾಂಕಿ ಚಿತ್ರ ಅಂತಾರೆ. ಉಗಿಯಂತ್ರದಲ್ಲಿ ಎಷ್ಟು ಶಾಖ ಕೆಲಸಕ್ಕೆ ಬರುತ್ತದೆ, ಎಷ್ಟು ಸುಮ್ನೆ ಪೋಲಾಗುತ್ತದೆ ಎಂದು ತೋರಿಸಲು ಐರ್ಲೆಂಡಿನ ಎಂಜಿನಿಯರ್ ಸ್ಯಾಂಕಿ 1898ರಲ್ಲಿ ಇಂಥದ್ದನ್ನು ಬರೆದರು. (ಬೆಂಗಳೂರಿನ ಸ್ಯಾಂಕಿ ಕೆರೆಯ ಸ್ಯಾಂಕಿ ಬೇರೆ.) ಪಟ್ಟೆ ಎಷ್ಟು ಅಗಲವೋ ಅಷ್ಟು ದುಡ್ಡು, ಅಷ್ಟೇ.

ನೀವೇ ಒಮ್ಮೆ ಬರೆದು ನೋಡಿ. 2023-24ರಲ್ಲಿ ಇನ್ಫೋಸಿಸ್ ಆದಾಯ 1,53,670 ಕೋಟಿ ರೂಪಾಯಿ. ಈ ಅಂಕಿ ಯಾರ ತಲೆಗೂ ಇಳಿಯಲ್ಲ, ಅಲ್ವಾ? ಅದನ್ನು 100 ರೂಪಾಯಿ ಅಂದುಕೊಳ್ಳಿ. ಗ್ರಾಫ್ ಹಾಳೆಯಲ್ಲಿ ರೂಪಾಯಿಗೆ ಒಂದು ಮಿಲಿಮೀಟರ್. ಎಡಗಡೆ 10 ಸೆಂ.ಮೀ. ಅಗಲದ ಹೊಳೆ ಹೊರಡುತ್ತದೆ. ಅದರಲ್ಲಿ 7 ಸೆಂ.ಮೀ. ಕೆಲಸ ಮಾಡಿಕೊಡುವ ಖರ್ಚಿಗೇ ಇಳಿದುಹೋಗುತ್ತದೆ, ಅದರಲ್ಲಿ ದೊಡ್ಡ ಪಾಲು ಸಂಬಳ. ಮಾರಾಟ ಮತ್ತು ಆಡಳಿತಕ್ಕೆ ಇನ್ನೂ ಸುಮಾರು ಒಂಬತ್ತೂವರೆ ಮಿಲಿಮೀಟರ್. ಉಳಿದದ್ದು ಎರಡು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. ಪಕ್ಕದಿಂದ 3 ಮಿ.ಮೀ.ನ ಸಣ್ಣ ತೊರೆ ಬಂದು ಸೇರುತ್ತದೆ, ಅದು ಇತರ ಆದಾಯ. ತೆರಿಗೆಗೆ 6 ಹೋಗಿ ಕೊನೆಗೆ 17 ಮಿ.ಮೀ. ಲಾಭ. ಬೆರಳಗಲದ ಪಟ್ಟೆ! ಅದನ್ನು ಕೈಯಾರೆ ಬರೆದಾಗ ಸಂಬಳದ ಖರ್ಚು ಚೂರು ಏರಿದರೂ ಲಾಭಕ್ಕೆ ಯಾಕೆ ಪೆಟ್ಟು ಬೀಳುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ನಂಬಬಹುದಾ ಅಂದಿರಿ. ಅಂಕಿಗಳನ್ನು ವರದಿಯ ಲಾಭ-ನಷ್ಟದ ಪುಟದ ಜೊತೆ ತಾಳೆ ನೋಡಿ, ಸರಿ ಇದ್ದರೆ ನಂಬಿ. ಆದರೆ ಬಿಲ್ ಮಾಡಿದ ದುಡ್ಡು ಕೈಗೆ ಬಂತಾ, ಸಾಲ ಎಷ್ಟಿದೆ ಅನ್ನುವುದು ಈ ಚಿತ್ರದಲ್ಲಿ ಇರುವುದೇ ಇಲ್ಲ. ಅದಕ್ಕೆ ನಗದು ಹರಿವಿನ ಪಟ್ಟಿ ಮತ್ತು ಬ್ಯಾಲೆನ್ಸ್ ಶೀಟ್ ತೆರೆಯಲೇಬೇಕು.

ಕಂಬದ ಚಿತ್ರಗಳಲ್ಲಿ ಮಾತ್ರ ತುಂಬಾ ಹುಷಾರು. ಕಂಬ ಸೊನ್ನೆಯಿಂದ ಶುರುವಾಗಿದೆಯಾ ಅಂತ ಮೊದಲು ನೋಡಿ. ಇನ್ಫೋಸಿಸ್‌ನ ಆಪರೇಟಿಂಗ್ ಮಾರ್ಜಿನ್ (ಖರ್ಚು ಕಳೆದು, ಇತರ ಆದಾಯ ಮತ್ತು ತೆರಿಗೆಯ ಲೆಕ್ಕಕ್ಕೆ ಮೊದಲು ನೂರರಲ್ಲಿ ಉಳಿಯುವ ಪಾಲು) 2022-23ರಲ್ಲಿ ಶೇ. 21.0, ಮರುವರ್ಷ 20.7. ಶೇಕಡಾ ಒಂದಕ್ಕೆ 10 ಮಿ.ಮೀ. ಇಟ್ಟು ಕಂಬವನ್ನು 20ರಿಂದ ಶುರುಮಾಡಿದರೆ ಒಂದು 10 ಮಿ.ಮೀ., ಇನ್ನೊಂದು 7 ಮಿ.ಮೀ. ಆಗಿ, ಹತ್ತರಲ್ಲಿ ಮೂರು ಭಾಗ ಕುಸಿದ ಹಾಗೆ ಕಾಣುತ್ತದೆ, ಎದೆ ಧಸಕ್ಕೆನ್ನುತ್ತದೆ. ಸೊನ್ನೆಯಿಂದ ಬರೆದರೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ.