ದ್ವೀಪದಲ್ಲಿ ಸಾಹಸ ಶಿಬಿರ

ಪ್ರಶ್ನೆ: ಹಿಂದೆ ಹ್ಯಾವ್ಲಾಕ್ ಎನ್ನುತ್ತಿದ್ದ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಸ್ಕೂಬಾ ಮತ್ತು ಕಯಾಕಿಂಗ್ ಶಿಬಿರ ನಡೆಸುವ ಯೋಚನೆಯಿದೆ. ಮೊದಲು ಯಾವುದರತ್ತ ಗಮನ ಕೊಡಬೇಕು?
– ಓದುಗರೊಬ್ಬರು, ಕುಂದಾಪುರ

ಉತ್ತರ: ಕರಾವಳಿಯವರಾದ ತಮಗೆ ಮಳೆಗಾಲದ ಕಡಲಿನ ಬಗ್ಗೆ ನಾನು ಹೇಳಬೇಕಾಗಿಲ್ಲ, ಅಲ್ಲಿಯೂ ಮೇ ತಿಂಗಳಿನಲ್ಲಿ ನೈಋತ್ಯ ಮುಂಗಾರು ಹಿಡಿಯಿತೆಂದರೆ ಕಡಲು ಒರಟಾಗಿ, ನೀರು ಕದಡುತ್ತದೆ. ಆದ್ದರಿಂದ ವರಮಾನದ ಲೆಕ್ಕವನ್ನು ಹನ್ನೆರಡು ತಿಂಗಳಿಗೆ ಹಾಕದೆ, ನವೆಂಬರಿನಿಂದ ಏಪ್ರಿಲ್‌ವರೆಗಿನ ಅವಧಿಗೆ ಹಾಕುವುದು ಕ್ಷೇಮ.

ನನ್ನ ಮಟ್ಟಿಗೆ ಅತಿ ಮುಖ್ಯವಾದುದು ಕೊನೆಯ ದಿನದ ವೇಳಾಪಟ್ಟಿ. ಹಲವು ಬಾರಿ ಮುಳುಗು ಹಾಕಿದವರು ಕನಿಷ್ಠ 18 ಗಂಟೆಗಳ ಕಾಲ ವಿಮಾನ ಏರಬಾರದು. ಏಕೆಂದರೆ ಆಳದ ಒತ್ತಡದಲ್ಲಿ ಮೈಯೊಳಗೆ ಕರಗಿದ ಸಾರಜನಕವು ವಿಮಾನದ ಕಡಿಮೆ ಒತ್ತಡದಲ್ಲಿ, ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವಂತೆ, ಗುಳ್ಳೆಗಟ್ಟಬಲ್ಲದು. ಅತಿಥಿಗಳು ಮೊದಲು ದೋಣಿಯಲ್ಲಿ ಶ್ರೀ ವಿಜಯಪುರಂ (ಹಿಂದಿನ ಪೋರ್ಟ್ ಬ್ಲೇರ್) ತಲುಪಿ ಅಲ್ಲಿಂದ ವಿಮಾನ ಹಿಡಿಯಬೇಕಾದ್ದರಿಂದ, ಹಿಂದಿನ ಇಡೀ ದಿನವನ್ನು ರಾಧಾನಗರದ ಮರಳ ದಂಡೆಗೆ ಮೀಸಲಿಡಿ. ಹಣ ಕೊಟ್ಟವರು ಇನ್ನೊಂದು ಮುಳುಗಿಗೆ ಹಟ ಹಿಡಿಯುವುದುಂಟು, ಮಣಿಯಬೇಡಿ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ನಡೆಸುವುದಾದರೆ ಉಪ್ಪುನೀರಿನ ಮೊಸಳೆಗಳ ಬಗ್ಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೊರಡಿ. ಇನ್ನು, ಹವಳ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದ್ದು, ನೆನಪಿಗೆಂದು ಒಂದು ಚೂರು ಎತ್ತಿಕೊಂಡರೂ ಅಪರಾಧವೆಂಬುದನ್ನು ಅತಿಥಿಗಳಿಗೆ ಮೊದಲ ದಿನವೇ ತಿಳಿಸಿರಿ.