ಹೆಣ್ಣಾಳಿಗೆ ಕಮ್ಮಿ ಕೂಲಿ ಕೊಡಬಹುದಾ?

ಕೊಡಗಿನ ಸುಂಟಿಕೊಪ್ಪದ ಹತ್ತಿರ ಮೂರು ಎಕರೆ ಕಾಫಿ ತೋಟ, ಕಳೆ ತೆಗೆಯೋಕೆ ಗಂಡಾಳಿಗೆ ಜಾಸ್ತಿ, ಹೆಣ್ಣಾಳಿಗೆ ಕಮ್ಮಿ, 'ಊರ ರೇಟೇ ಹೀಗೆ' ಅಂತಾರೆ ಮೇಸ್ತ್ರಿ, ಇದು ಸರಿನಾ ಅಂತ ಕೇಳಿದ್ದೀರಿ. ಸರಿಯಲ್ಲ. ಒಂದೇ ಕೆಲಸಕ್ಕೆ ಒಂದೇ ಕೂಲಿ ಅನ್ನೋದು 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ತೋಟ ಚಿಕ್ಕದು ಅಂತ ವಿನಾಯಿತಿ ಇಲ್ಲ. ಸಮ ಮಾಡುವ ನೆಪದಲ್ಲಿ ಗಂಡಸರ ಕೂಲಿ ಇಳಿಸುವ ಹಾಗೂ ಇಲ್ಲ!

ಮರ ಹತ್ತಿ ಕೊಂಬೆ ಕಡಿದು ಕಪಾತು ಮಾಡೋದು, ಏಣಿ ಮೇಲೆ ನಿಂತು ಮೆಣಸು ಕುಯ್ಯೋದು ಬೇರೆ ಲೆಕ್ಕ. ಅದಕ್ಕೆ ಜಾಸ್ತಿ ಕೊಡಿ, ತಪ್ಪಿಲ್ಲ. ಆದರೆ ಆ ನಾಲ್ಕು ದಿನದ ಕೆಲಸ ತೋರಿಸಿ ವರ್ಷವಿಡೀ ಗಂಡಸಿಗೆ ಹೆಚ್ಚು ಕೊಡೋದು ಸುಮ್ನೆ ನೆಪ. ಬಗ್ಗಿ ಕಾಫಿ ಗಿಡದ ಬೇಡದ ಚಿಗುರು ತೆಗೆಯೋದೇನು ಹಗುರ ಕೆಲಸವಾ?

ಕಾಫಿ ಹಣ್ಣು ಕುಯ್ಲಿಗೆ ಕೂಲಿ ಕೆಜಿ ಲೆಕ್ಕ, ಅಲ್ಲಿ ಭೇದ ಇಲ್ಲ ಅನಿಸುತ್ತದೆ ಅಲ್ವಾ? ಸಂಜೆ ತೂಕ ಹಾಕುವಾಗ ಒಮ್ಮೆ ನಿಂತು ನೋಡಿ. ಎಷ್ಟೋ ಕಡೆ ಗಂಡ ಹೆಂಡತಿ ಕುಯ್ದದ್ದು ಒಂದೇ ಚೀಲಕ್ಕೆ ಬೀಳುತ್ತದೆ, ಪುಸ್ತಕದಲ್ಲಿ ಗಂಡನ ಹೆಸರು, ವಾರದ ಬಟವಾಡೆಯೂ ಅವನ ಕೈಗೇ. ಅವಳು ದುಡಿದದ್ದಕ್ಕೆ ಗುರುತೇ ಇಲ್ಲ. ಹಾಗಾಗಿ ಚೀಲ ಬೇರೆ ಮಾಡಿಸಿ, ಅವಳ ಹೆಸರಲ್ಲೇ ಬರೆಯಿರಿ, ದುಡ್ಡು ಅವಳ ಕೈಗೆ ಇಲ್ಲವೇ ಅವಳ ಖಾತೆಗೆ ಹಾಕಿ. ಮೇಸ್ತ್ರಿ ಗೊಣಗಬಹುದು. ಪಕ್ಕದ ತೋಟದವರೂ 'ರೇಟು ಕೆಡಿಸಿದ್ರಿ' ಅನ್ನಬಹುದು. ಕುಯ್ಲಿನ ಸಮಯಕ್ಕೆ ಆಳು ಸಿಗದೆ ಪರದಾಡುವವರು ಅವರೇ, ನಿಮ್ಮ ತೋಟಕ್ಕೆ ಹೆಂಗಸರು ತಾವಾಗೇ ಬರುತ್ತಾರೆ.