ಬೆಂಗಳೂರಿನ ಬಡಾವಣೆ ಲೈಬ್ರರಿಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಬಹುಪಾಲು ನಿಮ್ಮ ಮನೆ ಕಂದಾಯದಿಂದಲೇ. ಆಸ್ತಿ ತೆರಿಗೆಯ ರಸೀದಿಯಲ್ಲಿ ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆಗೆ ಗ್ರಂಥಾಲಯ ಕರವೂ ಇರುತ್ತದೆ. ತೆರಿಗೆಯ ಮೇಲೆ ಶೇ. 6. ಬಾಡಿಗೆ ಮನೆಯವರೂ ಪರೋಕ್ಷವಾಗಿ ಕೊಡುತ್ತಿದ್ದಾರೆ ಅನ್ನಿ.

ಈ ಏರ್ಪಾಡು ಬಂದದ್ದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. ಅದಕ್ಕೂ ಮೊದಲು ಊರಿನಲ್ಲಿ ಪುಸ್ತಕ ಭಂಡಾರಗಳಿರಲಿಲ್ಲ ಅಂತಲ್ಲ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಅಂದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ್ದು. ಆದರೆ ದಾನಿಗಳನ್ನೋ ಸರ್ಕಾರದ ಅನುದಾನವನ್ನೋ ನಂಬಿದ ಲೈಬ್ರರಿಗೆ ವರ್ಷವರ್ಷವೂ ಕೈಚಾಚುವುದು ತಪ್ಪುವುದಿಲ್ಲ. ಪುಸ್ತಕಕ್ಕೆಂದೇ ಕಾನೂನಿನಲ್ಲಿ ಮೀಸಲಾದ ಕರ ಇದ್ದರೆ ನಗರ ಬೆಳೆದಂತೆ ಲೈಬ್ರರಿಯ ಆದಾಯವೂ ಬೆಳೆಯುತ್ತದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಒತ್ತಿ ಹೇಳುತ್ತಿದ್ದದ್ದು ಇದನ್ನೇ. 1948ರ ಮದ್ರಾಸ್ ಕಾಯ್ದೆಯ ಹಿಂದೆಯೂ ಅವರಿದ್ದರು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದರು.

ತೊಡಕು ಇರುವುದು ವಸೂಲಾತಿಯಲ್ಲಲ್ಲ. ಕರ ಕಟ್ಟಿಸಿಕೊಳ್ಳುವುದು ಪಾಲಿಕೆ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಇಲಾಖೆ. ನಡುವೆ ಹಣ ನಿಂತುಬಿಡುತ್ತದೆ. ಬಾಕಿ ನೂರಾರು ಕೋಟಿ ಮುಟ್ಟಿದ್ದೂ ಉಂಟು. ಬಡಾವಣೆ ಲೈಬ್ರರಿಗೆ ಹೊಸ ಪುಸ್ತಕ ಬರುವುದು ತಡವಾಗುವುದಕ್ಕೆ ಇದೊಂದು ದೊಡ್ಡ ಕಾರಣ.